ಅಲ್ಲಿ ಪಾಸ್‌ಪೋರ್ಟ್, ಇಲ್ಲಿ ಆಧಾರ್

ಸೌದಿ ಅರೇಬಿಯಾಕ್ಕೆ ಡ್ರೈವರ್ ಕೆಲಸಕ್ಕೆಂದು ಹೋದ ಮಗನ ಪಾಸ್‌ಪೋರ್ಟನ್ನು ಅಲ್ಲಿನ ಕಫೀಲ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾನೆಂದು ತಿಳಿದರೆ ಹಾಸನದ ಪೆನ್ಷನ್ ಮೊಹಲ್ಲಾದ ತಾಯಿಗಾಗಲಿ, ಹೊಳೆನರಸೀಪುರದ ತಂದೆಗಾಗಲಿ ನಿದ್ದೆ ಹತ್ತುವುದಿಲ್ಲ. ಹತ್ತಬಾರದು ಕೂಡ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಸದಾ ಕೇಂದ್ರ ಸರಕಾರದ ಆಸ್ತಿ. ಅದನ್ನು ಕಸಿದಿಟ್ಟುಕೊಳ್ಳುವ ಅಧಿಕಾರ ಯಾವ ಮಾಲೀಕನಿಗೂ ಇಲ್ಲ. ಸೌದಿ, ಕತಾರ್, ಯುಎಇಗಳ ಕಾನೂನು ಕೂಡ ಅದನ್ನು ಒಪ್ಪುವುದಿಲ್ಲ. ಆದರೂ ಅದು ನಡೆಯುತ್ತದೆ. ನಡೆದಾಗಲೆಲ್ಲ ನಾವು 'ಇದು ಗುಲಾಮಗಿರಿ' ಎಂದು ಕೂಗುತ್ತೇವೆ.

ಈಗ ಅದೇ ಹಾಸನದಿಂದ ಪಶ್ಚಿಮಕ್ಕೆ ಒಂದೆರಡು ಗಂಟೆ ಬಸ್ಸಿನಲ್ಲಿ ಹೋಗಿ ನೋಡಿ. ಕಾಫಿ ತೋಟದ ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಕುಟುಂಬವೊಂದಿದೆ. ಗಂಡ, ಹೆಂಡತಿ, ಕೈಗೂಸು. ಅವರ ಆಧಾರ್ ಕಾರ್ಡ್ ಎಲ್ಲಿದೆ ಎಂದು ಕೇಳಿದರೆ ಅನೇಕ ಕಡೆ ಸಿಗುವ ಉತ್ತರ ಒಂದೇ: 'ಮಾಲೀಕರ ಹತ್ತಿರ ಇದೆ', ಇಲ್ಲವೇ 'ಮೇಸ್ತ್ರಿ ಇಟ್ಟುಕೊಂಡಿದ್ದಾನೆ'. ಕೇಳಿದರೆ ಸಬೂಬು ಸಿದ್ಧವಾಗಿರುತ್ತದೆ. ಮುಂಗಡ ಕೊಟ್ಟಿದ್ದೇವೆ, ಕುಯಿಲು ಮುಗಿಯುವ ಮೊದಲೇ ಓಡಿಹೋದರೆ ಏನು ಮಾಡುವುದು? ರಿಯಾದಿನ ಕಫೀಲನೂ ಅಕ್ಷರಶಃ ಇದನ್ನೇ ಹೇಳುತ್ತಾನೆ. ಪೊಲೀಸ್ ಠಾಣೆಗೆ ಮಾಹಿತಿ ನೀಡಲು ಗುರುತಿನ ಚೀಟಿಯ ನಕಲು ಪ್ರತಿ ಇಟ್ಟುಕೊಳ್ಳುವುದು ಬೇರೆ. ಮೂಲ ಪ್ರತಿಯನ್ನು ಒತ್ತೆ ಇಟ್ಟುಕೊಳ್ಳುವುದು ಬೇರೆ. ಮುಂಗಡದ ಸಾಲಕ್ಕೆ ಮನುಷ್ಯನನ್ನು ಕಟ್ಟಿಹಾಕುವುದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೊಂದಿದೆ. ಅದು ಜೀತ. ಅದನ್ನು 1976ರ ಕಾಯ್ದೆಯೇ ರದ್ದುಗೊಳಿಸಿದೆ.

ಅಲ್ಲಿ ಅನ್ಯಾಯವಾದದ್ದು ಇಲ್ಲಿ ವ್ಯವಹಾರವಾದದ್ದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಇವರು ಬಂದದ್ದು ಯಾಕೆ ಎಂಬುದು ಗುಟ್ಟಿನ ವಿಷಯವಲ್ಲ. ನಮ್ಮ ಹಳ್ಳಿಗಳ ಹುಡುಗರು ಬೆಂಗಳೂರಿಗೆ ಹೋದರು. ಚನ್ನರಾಯಪಟ್ಟಣದ ಮೂಲಕ ಬೆಂಗಳೂರಿಗೆ ನೇರ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಹೋಗುವುದು ಇನ್ನಷ್ಟು ಸುಲಭವಾಯಿತು. ಕಾಫಿ ಹಣ್ಣು ಕೀಳಲು, ಹೊಲದಲ್ಲಿ ಶುಂಠಿ ಅಗೆಯಲು, ಊರಿನಲ್ಲಿ ಏಳುವ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟಲು, ಟೈಲ್ಸ್ ಹಾಕಲು, ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯಲು ಕೈಗಳು ಬೇಕಿದ್ದವು. ಅಸ್ಸಾಂ, ಬಂಗಾಳ, ಜಾರ್ಖಂಡ್, ಬಿಹಾರದಿಂದ ಕೈಗಳು ಬಂದವು. ನಾವೇ ಕರೆಸಿಕೊಂಡೆವು. ಕರೆಸಿಕೊಂಡ ಮೇಲೆ ಕೆಲವರಿಗೆ ಅವರ ಮಾತು ಕೇಳಿ ಅನುಮಾನ ಹುಟ್ಟಿತು. ಲುಂಗಿ ಉಟ್ಟು ಬಂಗಾಳಿ ಮಾತನಾಡುವವನ ಹೆಸರು ಅರಬ್ಬಿ ಮೂಲದ್ದಾಗಿದ್ದರೆ ಅವನು ಬಾಂಗ್ಲಾದೇಶಿ. ಮೊಬೈಲ್ ಹಿಡಿದ ನಾಲ್ಕು ಯುವಕರು ಶೆಡ್ಡಿನ ಬಾಗಿಲಿಗೆ ಬಂದು 'ದಾಖಲೆ ತೋರಿಸು' ಎಂದು ಅಬ್ಬರಿಸುವುದು, ಅದನ್ನು ಚಿತ್ರೀಕರಿಸಿ ವಾಟ್ಸಾಪಿನಲ್ಲಿ ಹರಿಯಬಿಡುವುದು, ಮರುದಿನ ಯಾವುದೋ ಚಾನೆಲ್ಲು ಅದನ್ನೇ 'ಅಕ್ರಮ ನುಸುಳುಕೋರರ ಅಡ್ಡೆ' ಎಂದು ತೋರಿಸುವುದು ಈಗ ರಾಜ್ಯಕ್ಕೆ ಹೊಸತಲ್ಲ.

ಬಂಗಾಳಿ ಮಾತು ಯಾವ ದೇಶದ್ದು? 2011ರ ಜನಗಣತಿಯಂತೆ ಭಾರತದಲ್ಲಿ ಬಂಗಾಳಿಯನ್ನು ತಾಯ್ನುಡಿಯಾಗಿ ಉಳ್ಳವರು 9 ಕೋಟಿ 70 ಲಕ್ಷಕ್ಕೂ ಹೆಚ್ಚು. ಹಿಂದಿಯನ್ನು ಬಿಟ್ಟರೆ ದೇಶದ ಅತಿ ದೊಡ್ಡ ಭಾಷೆ ಅದು. ಕಾಸರಗೋಡಿನಲ್ಲಿ ಕನ್ನಡ ಮಾತನಾಡುವವನನ್ನು ಹಿಡಿದು 'ನೀನು ಕೇರಳದವನಲ್ಲ, ಹೊರಡು' ಎಂದರೆ ಕನ್ನಡ ಸಂಘಟನೆಗಳು ಬೀದಿಗಿಳಿಯುತ್ತವೆ, ಇಳಿಯಲೇಬೇಕು. ಗಡಿಗಳು ಭಾಷೆಯನ್ನು ಕೇಳಿ ಎಳೆದವುಗಳಲ್ಲ ಎಂಬ ಅನುಭವ ಕನ್ನಡಿಗರಿಗಿಂತ ಯಾರಿಗೆ ಹೆಚ್ಚಾಗಿದೆ?

ಕಾನೂನು ಏನು ಹೇಳುತ್ತದೆ ಎಂಬುದಕ್ಕೆ ಬರೋಣ. ಯಾಕೆಂದರೆ ಅಬ್ಬರಿಸುವವರೂ ಕಾನೂನಿನ ಹೆಸರನ್ನೇ ಹೇಳುತ್ತಾರೆ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಕಠಿಣವಾದ ಕಾಯ್ದೆಯೇ. ಪಾಸ್‌ಪೋರ್ಟ್, ವೀಸಾ ಇಲ್ಲದೆ ದೇಶ ಪ್ರವೇಶಿಸಿದ ವಿದೇಶಿಯನಿಗೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನಕಲಿ ದಾಖಲೆ ಬಳಸಿದರೆ 2ರಿಂದ 7 ವರ್ಷ ಜೈಲು. ತಾನು ವಿದೇಶಿಯನಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಹಳೆಯ ಕಾಯ್ದೆಯಂತೆ ಇದೂ ಆರೋಪಕ್ಕೊಳಗಾದವನ ಹೆಗಲಿಗೇ ಹಾಕಿದೆ. ಇತರ ಅಪರಾಧಗಳಲ್ಲಿ ಸಾಮಾನ್ಯವಾಗಿ ಆರೋಪ ಹೊರಿಸಿದವರು ಸಾಬೀತು ಮಾಡಬೇಕು, ಇಲ್ಲಿ ತಿರುವು ಮುರುವು. ಇದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೂ ಇದ್ದೇವೆ.

ಆದರೆ ಇಷ್ಟು ಕಠಿಣವಾದ ಕಾಯ್ದೆ ಕೂಡ ಬಂಧಿಸುವ ಅಧಿಕಾರವನ್ನು ಹೆಡ್ ಕಾನ್‌ಸ್ಟೇಬಲ್ ದರ್ಜೆಗಿಂತ ಕೆಳಗಿನ ಪೊಲೀಸರಿಗೆ ಕೊಟ್ಟಿಲ್ಲ. ಹೆಗಲಿಗೆ ಶಾಲು ಹಾಕಿಕೊಂಡು ಬಂದ ಸಂಘಟನೆಯ ಕಾರ್ಯಕರ್ತನಿಗೆ ಹೇಗೆ ಕೊಟ್ಟೀತು? ಇನ್ನೊಬ್ಬರ ಮನೆಗೆ ನುಗ್ಗಿ ಕಾಗದ ಕೇಳುವವನೇ ಅಲ್ಲಿ ಅಪರಾಧಿ. ಪೊಲೀಸರೇ ಹಿಡಿದರೂ ಸಂವಿಧಾನದ 22ನೇ ವಿಧಿಯಂತೆ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಯಾರನ್ನೋ ಹಿಡಿದು ತಂದು 'ನೀನು ವಿದೇಶಿ, ಅಲ್ಲವೆಂದು ಸಾಬೀತು ಮಾಡು' ಎನ್ನುವಂತೆಯೂ ಇಲ್ಲ. 2024ರ ಜುಲೈನಲ್ಲಿ ಅಸ್ಸಾಮಿನ ಒಬ್ಬ ನಿವಾಸಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು: ಅನುಮಾನಕ್ಕೆ ಆಧಾರವಾದ ಮಾಹಿತಿಯನ್ನು ಮೊದಲು ಅಧಿಕಾರಿಗಳು ಮುಂದಿಡಬೇಕು, ಹೆಸರಿನ ಕಾಗುಣಿತದಲ್ಲಿ, ಹುಟ್ಟಿದ ದಿನಾಂಕದಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದೆ ಎಂಬ ಕಾರಣಕ್ಕೆ ಯಾರನ್ನೂ ವಿದೇಶಿ ಎನ್ನಲಾಗದು. ಆ ಮನುಷ್ಯ ಭಾರತೀಯನೆಂದು ಕೋರ್ಟು ಘೋಷಿಸಿತು. ತೀರ್ಪು ಬರುವಾಗ ಆತ ಬದುಕಿರಲಿಲ್ಲ.

ಕಾಗುಣಿತದ ಮಾತು ಬಂತಲ್ಲ. ಹಾಸನ ಜಿಲ್ಲೆಯ ಯಾವುದೇ ಹಳ್ಳಿ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆದು ನೋಡಿ. ಅರ್ಧ ತರಗತಿ ಜೂನ್ 1ರಂದು ಹುಟ್ಟಿರುತ್ತದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರರು ಕರುಣಿಸಿದ ಜನ್ಮದಿನ ಅದು. ಅರಕಲಗೂಡಿನ ಅಜ್ಜಿಯೊಬ್ಬರ ಹೆಸರು ಪಡಿತರ ಚೀಟಿಯಲ್ಲಿ ಫಾತಿಮಾ ಬಿ, ಮತದಾರರ ಪಟ್ಟಿಯಲ್ಲಿ ಫಾತೀಮಾಬೀ, ಪಹಣಿಯಲ್ಲಿ ಪಾತಿಮಾಬಿ ಎಂದಿರಬಹುದು. ಪಕ್ಕದ ಮನೆಯ ನಿಂಗಮ್ಮನ ಕತೆಯೂ ಬೇರೆಯಲ್ಲ. ಆಕೆ ಒಂದರಲ್ಲಿ ಲಿಂಗಮ್ಮ. ಈ ಕಾಗದಗಳ ಮೇಲೆ ಯಾರ ಪೌರತ್ವವನ್ನಾದರೂ ತೂಗಲು ಹೊರಟರೆ ತಕ್ಕಡಿ ಮೊದಲು ಬಡವರ ಕಡೆಗೇ ವಾಲುತ್ತದೆ. ಅಸ್ಸಾಮಿನಲ್ಲಿ ಹಾಗೆಯೇ ಆಯಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದರು, ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು.

ಅಷ್ಟಕ್ಕೂ ಬಾಗಿಲಲ್ಲಿ ನಿಂತು ಕೇಳುವ ಆಧಾರ್ ಏನನ್ನು ಹೇಳುತ್ತದೆ? 2016ರ ಆಧಾರ್ ಕಾಯ್ದೆಯೇ ಅದು ಪೌರತ್ವದ ಸಾಕ್ಷ್ಯವಲ್ಲ ಎನ್ನುತ್ತದೆ. ತೋರಿಸಿದರೂ 'ನಕಲಿ' ಎನ್ನುತ್ತಾರೆ, ತೋರಿಸದಿದ್ದರೆ 'ನುಸುಳುಕೋರ' ಎನ್ನುತ್ತಾರೆ. ಪೌರತ್ವವನ್ನು ನಿರ್ಧರಿಸುವುದು 1955ರ ಪೌರತ್ವ ಕಾಯ್ದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಅಲ್ಲಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕು. ಆ ಬಳಿಕ ಹುಟ್ಟಿದವರಿಗೆ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇದನ್ನು ಲೈನ್ ಮನೆಯ ಬಾಗಿಲಲ್ಲಿ, ಟಾರ್ಚಿನ ಬೆಳಕಿನಲ್ಲಿ ತೀರ್ಮಾನಿಸುವವರ ವಿದ್ವತ್ತಿಗೆ ಏನೆನ್ನೋಣ?

ಆತುರದ ತೀರ್ಮಾನದ ಫಲ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದೇಶಿಗಳ' ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಈಶಾನ್ಯ ರಾಜ್ಯಗಳವರೊಂದಿಗೆ ನಮ್ಮದೇ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಕಡೆಗೆ ಹೈಕೋರ್ಟು ಮಧ್ಯೆ ಬರಬೇಕಾಯಿತು. 2025ರ ಜೂನಿನಲ್ಲಿ ದೆಹಲಿಯಲ್ಲಿ ಕೆಲಸ ಮಾಡುತ್ತಿದ್ದ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ಕುಟುಂಬ ಸಮೇತ ಹಿಡಿದು ಬಾಂಗ್ಲಾದೇಶಕ್ಕೆ ತಳ್ಳಲಾಯಿತು. ಕಲ್ಕತ್ತಾ ಹೈಕೋರ್ಟು ಸೆಪ್ಟೆಂಬರಿನಲ್ಲಿ ಆ ಗಡಿಪಾರನ್ನು ರದ್ದುಪಡಿಸಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಆಕೆ ತನ್ನ ಪುಟ್ಟ ಮಗನೊಂದಿಗೆ ಮರಳಿ ಭಾರತದ ನೆಲ ತುಳಿಯುವಷ್ಟರಲ್ಲಿ ಡಿಸೆಂಬರ್ ಬಂದಿತ್ತು.

'ಹಾಗಾದರೆ ಗಡಿ ದಾಟಿ ಬಂದವರೇ ಇಲ್ಲವೇ?' ಎಂದು ಕೇಳುತ್ತಾರೆ. ಇರಬಹುದು. ಅಂಥವರನ್ನು ಗುರುತಿಸುವ, ಕ್ರಮಬದ್ಧವಾಗಿ ಅವರ ದೇಶಕ್ಕೆ ಕಳುಹಿಸುವ ಅಧಿಕಾರ ಸರಕಾರಕ್ಕಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಅದಕ್ಕೆಂದೇ ಒಂದು ಹಾಸ್ಟೆಲ್ ಕಟ್ಟಡವನ್ನು ಬಂಧನ ಕೇಂದ್ರವಾಗಿ ಮಾರ್ಪಡಿಸಲಾಗಿದೆ. ಆದರೆ ಕಾಗದವಿಲ್ಲದವನಿಗೆ ಹಕ್ಕೂ ಇಲ್ಲ ಎಂಬುದು ಹಸಿ ಸುಳ್ಳು. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ 19ನೇ ವಿಧಿಯ ಸ್ವಾತಂತ್ರ್ಯ ಪ್ರಜೆಗಳಿಗೆ ಮಾತ್ರ, ನಿಜ. ಆದರೆ 14 ಮತ್ತು 21ನೇ ವಿಧಿಗಳು ಮಾತನಾಡುವುದು ಪ್ರಜೆಯ ಬಗ್ಗೆಯಲ್ಲ, ವ್ಯಕ್ತಿಯ ಬಗ್ಗೆ. 1998ರಲ್ಲಿ ಹೌರಾ ರೈಲು ನಿಲ್ದಾಣದ ಯಾತ್ರಿ ನಿವಾಸದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ಅತ್ಯಾಚಾರವಾಯಿತು. ಆಕೆ ವಿದೇಶಿ, ಪರಿಹಾರ ಕೊಡಬೇಕಿಲ್ಲ ಎಂದು ರೈಲ್ವೆ ವಾದಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ 10 ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ವಿದೇಶಿ ಮಹಿಳೆಯ ಜೀವಕ್ಕೂ ಮಾನಕ್ಕೂ ಈ ನೆಲದ ಸಂವಿಧಾನ ಹೊಣೆಯಾಗಿರುವಾಗ, ಬರ್ಪೇಟಾದಿಂದಲೋ ಮುರ್ಷಿದಾಬಾದಿನಿಂದಲೋ ಬಂದ ಭಾರತೀಯನ ಕಾಲರ್ ಹಿಡಿಯಲು ಯಾರಿಗೆ ಹಕ್ಕಿದೆ?

ಕರ್ನಾಟಕಕ್ಕೆ ಇದಕ್ಕಿಂತ ಉತ್ತಮವಾಗಿ ನಡೆದುಕೊಳ್ಳಲು ಬರುವುದಿಲ್ಲ ಎಂದೇನೂ ಅಲ್ಲ. ಅರಕಲಗೂಡಿನಿಂದ ದಕ್ಷಿಣಕ್ಕೆ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಭೂಮಿ ಕೊಟ್ಟದ್ದು ನಮ್ಮ ರಾಜ್ಯವೇ. ಅವರ ಭಾಷೆ ನಮ್ಮದಲ್ಲ, ಉಡುಪು ನಮ್ಮದಲ್ಲ. 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರೆಂದು 2013ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟೇ. ಯಾರೂ ಬೀದಿಗಿಳಿಯಲಿಲ್ಲ. ಹಾಸನದ ಪಕ್ಕದ ಕೌಶಿಕದ, ಅರಕಲಗೂಡು ಸೀಮೆಯ ಸಂಕೇತಿಗಳು ಶತಮಾನಗಳ ಹಿಂದೆ ತಮಿಳುನಾಡಿನ ಸೆಂಗೋಟ್ಟೈ ಕಡೆಯಿಂದ ಬಂದವರು, ಮನೆಯಲ್ಲಿ ಇಂದಿಗೂ ಬೇರೆಯದೇ ಮಾತನ್ನಾಡುವವರು. ಅವರಿಲ್ಲದೆ ಕನ್ನಡದ ವಿದ್ವತ್ತಿನ ಚರಿತ್ರೆಯಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಗೆ ಹೆಸರು ಬಂದದ್ದು ಉತ್ತರದ ಹನ್ನೆರಡು ವರ್ಷಗಳ ಬರಗಾಲದಿಂದಾಗಿ ಭದ್ರಬಾಹು ಮುನಿಗಳೊಡನೆ ದಕ್ಷಿಣಕ್ಕೆ ಬಂದ ಚಂದ್ರಗುಪ್ತನಿಂದ ಎಂಬುದು ಐತಿಹ್ಯ. ಹಾಸನದ ಆಲೂಗಡ್ಡೆಯ ಬಿತ್ತನೆಗೆ ಕೂಡ ಜಲಂಧರದ ಲಾರಿ ಬರಬೇಕು! ಇಷ್ಟೆಲ್ಲ ಬಂದವರನ್ನು, ಬಂದದ್ದನ್ನು ಅರಗಿಸಿಕೊಂಡ ಜಿಲ್ಲೆಗೆ ಹಣ್ಣು ಕೀಳುವ ಕೂಲಿಯೊಬ್ಬ ಅಪಾಯವಾದದ್ದು ವಿಪರ್ಯಾಸ.

ನಿಜವಾಗಿ ಅವನು ಯಾರಿಗೂ ಅಪಾಯವಲ್ಲ, ಅನುಕೂಲ. ಹೆದರಿದ ಕೂಲಿ ಅಗ್ಗದ ಕೂಲಿ. 'ಬಾಂಗ್ಲಾದೇಶಿ' ಎಂಬ ಬೈಗುಳ ನೆತ್ತಿಯ ಮೇಲೆ ತೂಗುತ್ತಿದ್ದರೆ ಅವನು ಕನಿಷ್ಠ ವೇತನ ಕೇಳುವುದಿಲ್ಲ, ಕೈ ಮುರಿದರೆ ಪರಿಹಾರ ಕೇಳುವುದಿಲ್ಲ, ಬಾಕಿ ಕೂಲಿಗಾಗಿ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುವುದಿಲ್ಲ. ಹೊರಗೆ ಅಬ್ಬರಿಸುವವನಿಗೂ ಒಳಗೆ ಕೂಲಿ ಕಡಿತ ಮಾಡುವವನಿಗೂ ಪರಿಚಯ ಇರಬೇಕೆಂದಿಲ್ಲ, ಆದರೆ ಒಬ್ಬನ ಕೆಲಸದಿಂದ ಇನ್ನೊಬ್ಬನಿಗೆ ಲಾಭ. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನಿಂದ ಕಂಗೆಟ್ಟ ವಲಸೆ ಕಾರ್ಮಿಕರು ಊರಿಗೆ ಹೊರಟು ನಿಂತಾಗ, ಕಟ್ಟಡ ನಿರ್ಮಾಣ ಉದ್ಯಮಿಗಳೊಂದಿಗೆ ಸಭೆ ನಡೆಸಿದ ರಾಜ್ಯ ಸರಕಾರ ಅವರ ರೈಲುಗಳನ್ನೇ ರದ್ದುಪಡಿಸಿತ್ತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ರೈಲು ಮತ್ತೆ ಹೊರಟಿತು. ಹೋಗಲು ಹೊರಟರೆ ಬಿಡುವುದಿಲ್ಲ, ಇರಲು ಬಂದರೆ ಸೇರಿಸುವುದಿಲ್ಲ.

ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಒಂದು ಕಾಯ್ದೆ ಬಂದಿತ್ತು. ಭಾವಚಿತ್ರವುಳ್ಳ ಪಾಸ್‌ಬುಕ್, ಪ್ರಯಾಣ ಭತ್ಯೆ, ವಸತಿ, ಚಿಕಿತ್ಸೆ ಎಲ್ಲವೂ ಅದರಲ್ಲಿತ್ತು. ಅಂಥ ಪಾಸ್‌ಬುಕ್ಕನ್ನು ಕಣ್ಣಾರೆ ಕಂಡ ಕೂಲಿಯನ್ನು ಹುಡುಕಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯ್ದೆಯನ್ನು ನುಂಗಿಕೊಂಡಿದೆ. ಗುತ್ತಿಗೆದಾರನಿಲ್ಲದೆ ತಾನೇ ಬಂದ ಕಾರ್ಮಿಕನನ್ನೂ ವಲಸೆ ಕಾರ್ಮಿಕನೆಂದು ಗುರುತಿಸಿದ್ದು ಒಳ್ಳೆಯದು. ಹಿಂದೆ ಐವರಿದ್ದರೆ ಅನ್ವಯವಾಗುತ್ತಿದ್ದದ್ದು ಈಗ ಹತ್ತು ಮಂದಿ ಇದ್ದರೆ ಮಾತ್ರ ಎಂದಾದದ್ದು ಕೆಟ್ಟದ್ದು. ಹತ್ತಕ್ಕಿಂತ ಕಡಿಮೆ ಆಳುಗಳನ್ನಿಟ್ಟುಕೊಂಡ ಸಣ್ಣ ತೋಟ, ಶುಂಠಿ ಹೊಲ, ಟೈಲ್ಸ್ ಗುತ್ತಿಗೆ ಎಲ್ಲವೂ ಅದರ ಹೊರಗೆ ಉಳಿಯುತ್ತವೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಅಸ್ಸಾಮಿನ ಪಡಿತರ ಚೀಟಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡಬೇಕು. ಇದು ಕೂಡ ಬಹುಪಾಲು ಕಾರ್ಮಿಕರ ಕಿವಿಗೆ ಬಿದ್ದಿಲ್ಲ.

ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಮೊಹಲ್ಲಾಗಳಲ್ಲಿ ಒಂದೇ ಕೋಣೆಗೆ ಎಂಟು ಮಂದಿಯನ್ನು ತುಂಬಿಸಿ ತಲೆಗಿಷ್ಟು ಎಂದು ಬಾಡಿಗೆ ವಸೂಲು ಮಾಡುವವರಲ್ಲಿ ನಮ್ಮವರೂ ಇದ್ದಾರೆ. ಶುಕ್ರವಾರ ಮಸೀದಿಯ ಹಿಂದಿನ ಸಾಲಿನಲ್ಲಿ ಕುಳಿತ ಆ ಹುಡುಗರ ಹೆಸರು ಕೇಳಿದ ಜಮಾಅತ್ ಪದಾಧಿಕಾರಿಗಳೆಷ್ಟು? 'ಅವರ ಸಹವಾಸದಿಂದ ನಮ್ಮ ಮೇಲೂ ಅನುಮಾನ ಬರುತ್ತದೆ' ಎಂದು ದೂರ ಸರಿಯುವುದನ್ನು ಕಂಡಿದ್ದೇವೆ. 2012ರ ಆಗಸ್ಟಿನಲ್ಲಿ, ಮುಸ್ಲಿಮರು ದಾಳಿ ಮಾಡುತ್ತಾರೆಂಬ ವದಂತಿಗೆ ಬೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗ ಮುಸ್ಲಿಂ ಸಂಘಟನೆಗಳವರು ನಿಲ್ದಾಣಕ್ಕೆ ಹೋಗಿ 'ಹೋಗಬೇಡಿ, ನಾವಿದ್ದೇವೆ' ಎಂದು ಕೇಳಿಕೊಂಡಿದ್ದರು. ಆ ಎದೆಗಾರಿಕೆ ಇಂದು ಬಂಗಾಳಿ ಮಾತನಾಡುವ ಕೂಲಿಯ ಮಟ್ಟಿಗೆ ಯಾಕೆ ಕಾಣುತ್ತಿಲ್ಲ?

ಇತ್ತ ಹೊರದೇಶಕ್ಕೆ ಹೊರಟ ನಮ್ಮ ಮಕ್ಕಳಿಗೆ ಕಾನೂನಿನ ತಿಳಿವಳಿಕೆ ಎಷ್ಟಿದೆ ಎಂದರೆ, ಅದೂ ಅಷ್ಟಕ್ಕಷ್ಟೇ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕೆಂಬ ನಿಯಮ 1983ರ ವಲಸೆ ಕಾಯ್ದೆಯಿಂದ ಬಂದದ್ದು. ಅನುಮತಿಯೊಂದಿಗೆ ಸಂಬಳದ ಕರಾರು, 10 ಲಕ್ಷ ರೂಪಾಯಿಗಳ ವಿಮೆ ದೊರೆಯುತ್ತದೆ. ನೋಂದಾಯಿತ ಏಜೆಂಟ್ 30 ಸಾವಿರ ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಊರಿನ ಸಬ್ ಏಜೆಂಟನಿಗೆ ಇದರ ಹಲವು ಪಟ್ಟು ಕೊಟ್ಟು, ಅನುಮತಿಯ ಗೋಜೇ ಬೇಡವೆಂದು ವಿಸಿಟ್ ವೀಸಾದಲ್ಲಿ ವಿಮಾನ ಹತ್ತುವವನಿಗೆ ಕರಾರೂ ಇಲ್ಲ, ವಿಮೆಯೂ ಇಲ್ಲ. ವೀಸಾದ ಅವಧಿ ಮುಗಿದ ದಿನ ಅವನೂ 'ಅಕ್ರಮ ವಲಸಿಗ'. ಸೌದಿಯಲ್ಲಂತೂ ಮಾಲೀಕ ಮುನಿದು 'ಹುರೂಬ್' ಎಂದು ದೂರು ದಾಖಲಿಸಿದರೆ ಸಾಕು, ನೆಟ್ಟಗೆ ದುಡಿಯುತ್ತಿದ್ದವನೂ ಪರಾರಿಯಾದವನಾಗುತ್ತಾನೆ. ಅಕ್ರಮ ಎಂಬ ಪದ ಮನುಷ್ಯನ ನಡತೆಯ ವರ್ಣನೆಯಲ್ಲ ಎಂಬುದು ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಗೆ ಗೊತ್ತಿರಬೇಕು.

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರನ್ನು ಕಿಕ್ಕಿರಿದು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಕಲಬುರಗಿ ಜಿಲ್ಲೆಯವರೊಬ್ಬರೂ ಅವರಲ್ಲಿದ್ದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿಕೊಂಡರು. ಯಾವ ವೀಸಾದಲ್ಲಿ ಹೋದಿರಿ, ಯಾವ ಲೈಸೆನ್ಸಿನಲ್ಲಿ ಮಾರಿದಿರಿ ಎಂದು ಆಗ ಯಾರೂ ಕೇಳಲಿಲ್ಲ. ಕರೆತನ್ನಿ ಎಂದು ಇಡೀ ರಾಜ್ಯ ಒತ್ತಾಯಿಸಿತು, ಕರೆತಂದರು. ಅದೇ ಸರಿಯಾದ ಕ್ರಮ.

ನಮ್ಮ ಒತ್ತಾಯ ದೊಡ್ಡದೇನಲ್ಲ. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಗೂ ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಆದಾಯ ನೋಡದೆ, ಉಚಿತವಾಗಿ ವಕೀಲರನ್ನು ಕೊಡುವ ಹೊಣೆಯಿದೆ, ಸಹಾಯವಾಣಿ 15100. ಆ ಸಂಖ್ಯೆ, ಕನಿಷ್ಠ ವೇತನದ ದರ, ಗುರುತಿನ ಚೀಟಿಯ ಮೂಲ ಪ್ರತಿ ಯಾರಿಗೂ ಕೊಡಬೇಕಿಲ್ಲ ಎಂಬ ಒಂದು ಸಾಲು, ಇಷ್ಟನ್ನು ಬಂಗಾಳಿ, ಅಸ್ಸಾಮಿ, ಹಿಂದಿಯಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಲೈನ್ ಮನೆಗಳಿಗೆ, ಶೆಡ್ಡುಗಳಿಗೆ ಹಂಚಬೇಕು. ಪರಿಶೀಲನೆಯ ಹೆಸರಿನಲ್ಲಿ ಬಾಗಿಲು ಬಡಿಯುವ ಖಾಸಗಿ ಗುಂಪುಗಳ ಮೇಲೆ ಮೊಕದ್ದಮೆ ಹೂಡಲು ಜಿಲ್ಲಾ ಪೊಲೀಸರು ಠಾಣೆಗಳಿಗೆ ಸ್ಪಷ್ಟ ಸೂಚನೆ ನೀಡಬೇಕು. ಹಾಳೆಯ ಮುದ್ರಣದ ಖರ್ಚು ಇಲಾಖೆಗೆ ಭಾರವೆನಿಸಿದರೆ ನಾಲ್ಕೂ ಊರುಗಳ ಜಮಾಅತ್‌ಗಳು ಸೇರಿ ಭರಿಸಬಹುದು. ಅರೇಬಿಕಾ ಕುಯಿಲು ಶುರುವಾಗುವ ಮೊದಲು ಇದು ಆಗಬೇಕು. ಆಮೇಲೆ ಗಾಡಿಗಟ್ಟಲೆ ಹೊಸ ಕೂಲಿಗಳು ಬಂದಿಳಿಯುತ್ತಾರೆ. ಅವರ ಆಧಾರ್ ಕಾರ್ಡುಗಳು ಮೇಸ್ತ್ರಿಯ ಚೀಲ ಸೇರಲು ಒಂದು ರಾತ್ರಿ ಸಾಕು.